ಎಲೆ ಅಡಿಕೆ ಅಗಿದ ಹಾಗೆ

ಬೀದರ್ ಜಿಲ್ಲೆಯ ನಮ್ಮ ಮಂಠಾಳದ ಕಡೆ ಹರೆಯದ ಹುಡುಗಿ ಇದ್ದಕ್ಕಿದ್ದಂತೆ ಕೂಗಾಡಿ ಬಟ್ಟೆ ಹರಿದುಕೊಂಡರೆ ಮನೆಯವರ ಬಾಯಿಗೆ ಮೊದಲು ಬರುವ ಮಾತು ಭಾನಾಮತಿ, ಅಂದರೆ ಮಾಟ. ನರರೋಗ ವೈದ್ಯನಾದ ಮೇಲೆ ಆ ಮಾತಿಗೆ ನಾನು ನಕ್ಕದ್ದೂ ಉಂಟು. ನಗುವ ಹಕ್ಕು ನನಗಿರಲಿಲ್ಲ. 2004ರಲ್ಲಿ, ಇನ್ನೂ ಕಲಿಯುತ್ತಿದ್ದಾಗ, ಇಂಥದೇ ಒಬ್ಬ ಹುಡುಗಿಯ ಕೇಸ್‌ಶೀಟಿನಲ್ಲಿ ‘ಹಿಸ್ಟೀರಿಯಾ’ ಎಂದು ಬರೆದವನು ನಾನೇ. ಮೂರನೇ ವಾರ ಬಿಟ್ಟೂಬಿಡದೆ ಫಿಟ್ಸ್ ಬಂದು ಅವಳು ತೀರಿಕೊಂಡಳು. ಅವರ ಭಾನಾಮತಿ, ನನ್ನ ಹಿಸ್ಟೀರಿಯಾ: ಹೆಸರಿಟ್ಟ ಮೇಲೆ ಇಬ್ಬರೂ ಹುಡುಗಿಯನ್ನು ನೋಡುವುದನ್ನೇ ಬಿಟ್ಟಿದ್ದೆವು.

2007ರಲ್ಲಿ ಪೆನ್ಸಿಲ್ವೇನಿಯಾದ ಜೋಸೆಪ್ ದಲ್ಮಾವ್ ಮತ್ತು ಸಂಗಡಿಗರು 12 ಹೆಂಗಸರ ಕಾಯಿಲೆಯ ವಿವರ ಪ್ರಕಟಿಸಿದರು. ಓದುತ್ತಾ ಹೋದಂತೆ 2004ರ ಆ ಹುಡುಗಿಯೇ ಕಣ್ಣೆದುರು ಬಂದು ಬೆವರು ಕಿತ್ತುಬಂತು. ಮೈ ಕಾಯಬೇಕಾದ ಪ್ರತಿಕಾಯಗಳೇ ಮೆದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆ ಬೀಳುವ ರೋಗವದು. ಆ ಹೆಂಗಸರಲ್ಲಿ ಬಹುತೇಕರ ಅಂಡಾಶಯದಲ್ಲಿ ಟೆರಟೋಮಾ ಎಂಬ ಗಡ್ಡೆ. ಅದರೊಳಗೆ ಕೂದಲು, ಹಲ್ಲು, ನರದ ತುಣುಕು ಕೂಡ ಇರಬಹುದು. ಆ ನರದ ಮೇಲೆ ಎದ್ದ ದಂಡು ಮೆದುಳಿನ ಮೇಲೂ ತಿರುಗುತ್ತದೆ.

ಕೆಲವು ವರ್ಷಗಳ ಮೇಲೆ ನಮ್ಮ ಸೀಮೆಯಿಂದಲೇ ಒಬ್ಬಳನ್ನು ಕರೆತಂದರು. ಬಿತ್ತಿಗೆಗೆ ಮುಂಚಿನ ಕಾರಹುಣ್ಣಿಮೆ ಕಳೆದ ವಾರ ಶುರುವಾದದ್ದು. ದೆವ್ವ ಬಿಡಿಸಲು ಗಾಣಗಾಪುರದ ಗುಡಿಗೆ ಹೋಗಿ ಬಂದಿದ್ದರು, ಮನೋರೋಗದ ಗುಳಿಗೆಯೂ ಆಗಿತ್ತು. ನಾನು ಸುತ್ತಿಗೆ, ಟಾರ್ಚು ಹಿಡಿದು ಹೊರಟಾಗ ತಾಯಿ ಮೆಲ್ಲಗೆ ಅಂದಳು: “ಎಲಿ ಅಡಿಕಿ ತಿಂದಂಗ ಬಾಯಿ ಆಡಸ್ಲತ್ತಾಳ್ರಿ. ಬಾಯಾಗ ಏನೂ ಇಲ್ಲ. ಎಚ್ಚರ ತಪ್ಪಿದಾಗೂ ಬಿಟ್ಟಿಲ್ಲ.”

ಓದಿದ್ದ ಆ ರೋಗದ ಗುರುತೇ ಅದು. ಸುತ್ತಿಗೆ ಕೆಳಗಿಟ್ಟೆ. ಮೊದಲು ಜ್ವರ, ತಲೆನೋವು ಇತ್ತಾ? ಇತ್ತು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಬೆನ್ನಿನ ನೀರು ತೆಗೆಯಬೇಕು ಅಂದದ್ದೇ ತಡ, ಸೊಂಟ ಬೀಳ್ತದ ಎಂದು ಸೋದರಮಾವ ಅಡ್ಡ ನಿಂತ. ರಕ್ತದಲ್ಲಿ ಸಿಗದ ಪ್ರತಿಕಾಯ ಆ ನೀರಿನಲ್ಲಿ ಸಿಗುವುದುಂಟು, ಹಾಗಾಗಿ ಬಿಡುವಂತಿರಲಿಲ್ಲ. ವಾದ ಮಾಡಿ ಅರ್ಧ ದಿನ ಕಳೆದೆ. ಕೊನೆಗೆ ಒಂದು ಚಮಚ ತೋರಿಸಿ, ಇಷ್ಟೇ ತೆಗೆಯುವುದು, ಮೈ ದಿನಕ್ಕೆ ಅರ್ಧ ಲೀಟರ್ ಹೊಸದು ಮಾಡಿಕೊಳ್ಳುತ್ತದೆ ಅಂದೆ. ಒಪ್ಪಿದ. ಅಂದಿನಿಂದ ಚಮಚವೊಂದು ನನ್ನ ಮೇಜಿನ ಮೇಲಿದೆ.

ರಿಪೋರ್ಟಿಗೆ ಕಾಯಲಿಲ್ಲ. ದಿನಕ್ಕೆ ಒಂದು ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್, ಐದು ದಿನ. ಆಮೇಲೆ ಪ್ಲಾಸ್ಮಾ ಬದಲಿಸಿದೆವು. ಸ್ಕ್ಯಾನಿನಲ್ಲಿ ಕಂಡ ಗಡ್ಡೆಯನ್ನು ಶಸ್ತ್ರಚಿಕಿತ್ಸಕರು ತೆಗೆದರು.

ತಿಂಗಳು ಕಳೆದರೂ ಹುಡುಗಿ ಕಲ್ಲು. ಈ ರೋಗದ ಬಗ್ಗೆ 2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ನೂರಕ್ಕೆ 81 ಮಂದಿ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾಗಿದ್ದರು. ಬಸ್ಸಿನ ಖರ್ಚಿಗೆ ಸಾಲ ಮಾಡಿದವರಿಗೆ ಎರಡು ವರ್ಷ ಅನ್ನುವುದು ಹೇಗೆ? ಅಂದೆ, ಅನ್ನಲೇಬೇಕಾಯಿತು. ಬಂದ ದಾರಿಯಲ್ಲೇ ರೋಗ ಹಿಂದಕ್ಕೆ ಹೋಗುತ್ತದೆ, ನಡುವೆ ಮತ್ತೆ ಕೂಗಾಡಿದರೆ ಹೆದರಬೇಡಿ ಎಂದೂ ಹೇಳಿಟ್ಟೆ. ಕೂಗಾಡಿದಳು. ಗಾಣಗಾಪುರಕ್ಕೆ ಮತ್ತೆ ಹೊರಡಲಿಲ್ಲ ಅವರು.

ಡಿಸೆಂಬರಿನಲ್ಲಿ ತೋರಿಸಲು ಬಂದಾಗ ತಾಯಿ ಬೆಂಚಿನ ಮೇಲೆ ಕೂತು ಕುದಿಸಿದ ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಮಗಳು ಒಂದು ಕಾಯಿ ಎತ್ತಿಕೊಂಡು ಬಹಳ ಹೊತ್ತು ನೋಡಿದಳು.

“ಅವ್ವಾ, ಇನ್ನಾ ಬಿತ್ತಿಗಿನೇ ಆಗಿಲ್ಲಲ್ಲ. ಕಾಯಿ ಎಲ್ಲಿಂದ ತಂದಿ?”