ಅಜ್ಜನ ಜೊತೆ ವಾಷಿಂಗ್ಟನ್‌ಗೆ ನಾನು ಹೋಗಬಹುದೇ?

ಪ್ರಶ್ನೆ: ನಾನು ಹಾಸನದ ಕಡೆಯವಳು. ಮದುವೆಯಾದ ಮೇಲೆ ಅಮೆರಿಕದ ಓಹಾಯೊಗೆ ಬಂದು ಇಲ್ಲೇ ನೆಲೆ ನಿಂತಿದ್ದೇವೆ. ಪಕ್ಕದ ಮನೆಯಲ್ಲಿ 77 ವರ್ಷದ ಹಿರಿಯರೊಬ್ಬರಿದ್ದಾರೆ. ನನ್ನ ಮಕ್ಕಳು ಅವರನ್ನು ಕನ್ನಡದಲ್ಲೇ ‘ಅಜ್ಜ’ ಎಂದು ಕರೆಯುತ್ತಾರೆ, ಅವರೂ ಓಗೊಡುತ್ತಾರೆ. ನಾವು ಬಂದ ಹೊಸತರಲ್ಲಿ, ಹೇಳದೆ ಕೇಳದೆ, ನಮ್ಮ ಬಾಗಿಲ ಮುಂದಿನ ಹಿಮ ತೆಗೆದು ದಾರಿ ಮಾಡಿಕೊಟ್ಟವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಹರೆಯದಲ್ಲಿ ಸರ್ಕಾರದ ಕಡ್ಡಾಯ ಕರೆ ಬಂದು ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದರಂತೆ. ಕ್ವಿ ನ್ಯೊನ್ ಬಂದರಿನಿಂದ ಪ್ಲೇಕುವಿಗೆ ಸೈನ್ಯದ ಲಾರಿ ಓಡಿಸುವ ಕೆಲಸ. ಅದಕ್ಕಿಂತ ಹೆಚ್ಚೇನೂ ಅವರ ಬಾಯಿಂದ ಬಂದಿಲ್ಲ.

ಯುದ್ಧ ಕಂಡ ಹಿರಿಯರನ್ನು ಖರ್ಚಿಲ್ಲದೆ ವಾಷಿಂಗ್ಟನ್‌ಗೆ ಕರೆದೊಯ್ದು ಸ್ಮಾರಕಗಳನ್ನು ತೋರಿಸುವ ‘ಆನರ್ ಫ್ಲೈಟ್’ ಎಂಬ ಸ್ವಯಂಸೇವಕರ ಸಂಸ್ಥೆ ಇಲ್ಲಿದೆ. ಅಜ್ಜನ ಮಗಳು ಹೆಸರು ಬರೆಸಿದ್ದಳು, ಈಗ ಸರದಿ ಬಂದಿದೆ. ಜೊತೆಗೆ ಒಬ್ಬ ಗಾರ್ಡಿಯನ್ ಹೋಗಬೇಕು. ಮಗಳಿಗೆ ಮಂಡಿಯ ಆಪರೇಷನ್ ಆಗಿರುವುದರಿಂದ ನನ್ನನ್ನು ಕೇಳಿದಳು. ಅಜ್ಜನೂ ಒಪ್ಪಿದ್ದರು. ಮೊನ್ನೆ ಇದ್ದಕ್ಕಿದ್ದಂತೆ, “ನಾನು ಬರೀ ಲಾರಿ ಓಡಿಸಿದವನಮ್ಮಾ. ಆ ಸೀಟು ನಿಜವಾಗಿ ಹೋರಾಡಿದವರಿಗೆ ಸೇರಬೇಕಾದ್ದು” ಅಂದುಬಿಟ್ಟರು. ಆಮೇಲೆ ರಾತ್ರಿ ಬಹಳ ಹೊತ್ತು ಅವರ ಮನೆಯ ದೀಪ ಉರಿಯುತ್ತಿರುತ್ತದೆ. “ನಿನ್ನ ಮಾತು ಕೇಳ್ತಾರೆ, ಹೇಗಾದರೂ ಒಪ್ಪಿಸು” ಎನ್ನುತ್ತಾಳೆ ಮಗಳು. ನನ್ನ ಯಜಮಾನರು, “ಆ ಯುದ್ಧದಲ್ಲಿ ಸತ್ತ ವಿಯೆಟ್ನಾಮಿನವರ ಲೆಕ್ಕ ಇಟ್ಟವರು ಯಾರು? ಅದಕ್ಕೆ ನೀನು ಹೋಗಿ ಕೈಮುಗಿಯಬೇಕಾ?” ಎನ್ನುತ್ತಾರೆ. ಹೊರಗಿನಿಂದ ಬಂದವಳು ನಾನು, ಅಲ್ಲಿ ನನಗೇನು ಕೆಲಸ ಎಂಬ ಅಳುಕು ನನಗೂ ಇದೆ. ಅಲ್ಲಿ ಅಜ್ಜ ಅತ್ತುಬಿಟ್ಟರೆ ಏನು ಮಾಡಲಿ? ಬಲವಂತ ಮಾಡಲೇ, ಬಿಟ್ಟುಬಿಡಲೇ?

— ಹೆಸರು ಬೇಡ, ಓಹಾಯೊ

ಉತ್ತರ: ಬಲವಂತ ಮಾಡಬೇಡಿ. ಹಾಗೆಂದು ಅವರು ಒಲ್ಲೆ ಎಂದರು ಅಂತಲೂ ತೀರ್ಮಾನಿಸಬೇಡಿ. ಹೋಗಲು ಮನಸ್ಸಿಲ್ಲ ಎಂದು ಅವರು ಹೇಳಿಲ್ಲ, ಹೋಗುವ ಯೋಗ್ಯತೆ ತನಗಿಲ್ಲ ಎಂದಿದ್ದಾರೆ. ಯುದ್ಧದಿಂದ ಜೀವಂತ ಮರಳಿದವರಲ್ಲಿ ಈ ಮಾತು ಬಹಳ ಸಾಮಾನ್ಯ. ಕೊಡಗಿನ, ಬೆಳಗಾವಿ ಕಡೆಯ ನಿವೃತ್ತ ಸೈನಿಕರ ಮನೆಯವರ ಜೊತೆ ಮಾತಾಡುವಾಗಲೂ ನಾನು ಇದನ್ನು ಕೇಳುತ್ತಿರುತ್ತೇನೆ: ಮುಂಚೂಣಿಯಲ್ಲಿದ್ದವರು ಸತ್ತವರನ್ನು ತೋರಿಸುತ್ತಾರೆ, ಹಿಂದಿನ ಸಾಲಿನಲ್ಲಿದ್ದವರು ಮುಂಚೂಣಿಯವರನ್ನು ತೋರಿಸುತ್ತಾರೆ. ಗೌರವ ತನ್ನದು ಎನ್ನುವವರು ಸಿಗುವುದೇ ಅಪರೂಪ.

ಅಜ್ಜನ ‘ಬರೀ ಲಾರಿ’ಯ ಬಗ್ಗೆ ನಿಮಗೆ ಸ್ವಲ್ಪ ತಿಳಿದಿರಲಿ. ಕ್ವಿ ನ್ಯೊನ್‌ನಿಂದ ಪ್ಲೇಕುವಿಗೆ ಹೋಗುವುದು 19ನೇ ಹೆದ್ದಾರಿ. ಕರಾವಳಿ ಬಿಟ್ಟು ಅನ್ ಖೆ, ಮಾಂಗ್ ಯಾಂಗ್ ಕಣಿವೆ ದಾರಿಗಳನ್ನು ಹತ್ತಿ ಬೆಟ್ಟದ ಸೀಮೆ ಸೇರುವ ರಸ್ತೆ. ತಿರುವುಗಳಲ್ಲಿ ಲಾರಿಗಳು ನಿಧಾನವಾಗಲೇಬೇಕು, ಹೊಂಚು ಹಾಕಿದವರು ಕಾಯುತ್ತಿದ್ದುದೂ ಅಲ್ಲೇ. 1967ರ ಸೆಪ್ಟೆಂಬರಿನಲ್ಲಿ ದೊಡ್ಡ ದಾಳಿಯೊಂದು ನಡೆದ ಮೇಲೆ ಚಾಲಕರು ತಾವೇ ಕೆಲವು ಲಾರಿಗಳಿಗೆ ಉಕ್ಕಿನ ತಗಡು ಬಿಗಿದು, ಮೆಷಿನ್ ಗನ್ ಕೂರಿಸಿ, ಸಾಲಿನ ನಡುವೆ ಕಾವಲಿಗೆ ಓಡಿಸತೊಡಗಿದರು. ನಿಮ್ಮ ಅಜ್ಜ ಸ್ಟೀರಿಂಗ್ ಹಿಡಿದ ದಾರಿ ಅಂಥದ್ದು. ಇದನ್ನೆಲ್ಲ ಅವರ ಮುಂದೆ ಒಪ್ಪಿಸಿ “ನೋಡಿ, ನೀವೂ ಹೋರಾಡಿದವರೇ” ಎಂದು ವಾದಕ್ಕೆ ಮಾತ್ರ ಇಳಿಯಬೇಡಿ. ಆ ರಸ್ತೆ ಅವರಿಗೆ ಗೊತ್ತು. ಅವರು ಮಾತಾಡದಿರುವಾಗ ಸುಮ್ಮನಿರಲು, ಮಾತಾಡಿದರೆ ಅರ್ಥ ಮಾಡಿಕೊಳ್ಳಲು ನಿಮಗೆ ಈ ತಿಳಿವಳಿಕೆ ಬೇಕು, ಅಷ್ಟೆ.

ಸೀಟಿನ ಲೆಕ್ಕ ಮಾತ್ರ ಅವರಿಗೆ ನೇರವಾಗಿ ಹೇಳಬಹುದು. ಈ ಪ್ರಯಾಣ ಶುರುವಾದದ್ದೇ ನಿಮ್ಮ ರಾಜ್ಯದಲ್ಲಿ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾಜಿ ಸೈನಿಕರ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದ ಅರ್ಲ್ ಮೋರ್ಸ್, ವಾಯುಪಡೆಯಿಂದ ನಿವೃತ್ತರಾದವರು. ಎರಡನೇ ಮಹಾಯುದ್ಧದ ರಾಷ್ಟ್ರೀಯ ಸ್ಮಾರಕ ವಾಷಿಂಗ್ಟನ್ನಿನಲ್ಲಿ ತಲೆಯೆತ್ತಿದ್ದು 2004ರಲ್ಲಿ, ಯುದ್ಧ ಮುಗಿದು ಸುಮಾರು ಅರವತ್ತು ವರ್ಷವಾದ ಮೇಲೆ. ಮೋರ್ಸ್ ತಮ್ಮ ಬಳಿ ಬರುತ್ತಿದ್ದ ಹಿರಿಯರನ್ನು “ಹೋಗಿ ನೋಡುತ್ತೀರಾ?” ಎಂದು ಕೇಳಿದರು. ಹೋಗುತ್ತೇವೆ ಎಂದವರಿಗೆ ಹೋಗಲಾಗುತ್ತಿರಲಿಲ್ಲ: ವಯಸ್ಸು, ಕಾಯಿಲೆ, ದುಡ್ಡು. ಆಗ ಅವರು ತಮ್ಮಂತೆ ಸಣ್ಣ ವಿಮಾನ ಹಾರಿಸುವ ಗೆಳೆಯರನ್ನು ಸೇರಿಸಿ ಎರಡೇ ಷರತ್ತು ಹಾಕಿದರು. ಹಿರಿಯರಿಂದ ಒಂದು ಪೈಸೆಯೂ ತೆಗೆದುಕೊಳ್ಳುವಂತಿಲ್ಲ, ಇಳಿಸಿ ಬಿಟ್ಟು ಬರದೆ ದಿನವಿಡೀ ಅವರ ಜೊತೆಗಿರಬೇಕು. 2005ರ ಮೇ ತಿಂಗಳಲ್ಲಿ ಆರು ಪುಟ್ಟ ವಿಮಾನಗಳಲ್ಲಿ 12 ಮಂದಿ ಹೋಗಿ ಬಂದರು. ಮುಂದೆ ಬಾಡಿಗೆ ವಿಮಾನಗಳು, ಊರೂರಿನ ಘಟಕಗಳು, ಕೊರಿಯಾ ಮತ್ತು ವಿಯೆಟ್ನಾಂ ಯುದ್ಧದವರ ಸರದಿ ಬಂತು. ಎಷ್ಟು ಗುಂಡು ಹಾರಿಸಿದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಡುಗೆಯವರು, ಗುಮಾಸ್ತರು, ನರ್ಸುಗಳು, ಚಾಲಕರು ಎಲ್ಲರೂ ಹೋಗುತ್ತಾರೆ. ಆ ಸೀಟು ಅಜ್ಜನ ಹೆಸರಿಗೇ ಬಂದದ್ದು, ಯಾರಿಂದಲೂ ಕಿತ್ತುಕೊಂಡದ್ದಲ್ಲ. ಇಷ್ಟನ್ನು ಒಮ್ಮೆ ಹೇಳಿ, ಅಲ್ಲಿಗೇ ನಿಲ್ಲಿಸಿ.

ನಿಮ್ಮ ಯಜಮಾನರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1995ರಲ್ಲಿ ವಿಯೆಟ್ನಾಂ ಸರ್ಕಾರ ಕೊಟ್ಟ ಅಂದಾಜಿನಲ್ಲಿ ಸತ್ತ ನಾಗರಿಕರೇ 20 ಲಕ್ಷದವರೆಗೆ ಇದ್ದರು, ಉತ್ತರ ವಿಯೆಟ್ನಾಂ ಪರ ಹೋರಾಡಿದವರು ಇನ್ನೂ 11 ಲಕ್ಷ. ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಗೋಡೆಯ ಮೇಲಿರುವ 58 ಸಾವಿರಕ್ಕೂ ಹೆಚ್ಚು ಹೆಸರುಗಳಲ್ಲಿ ಅವರು ಯಾರೂ ಇಲ್ಲ. ಇದನ್ನು ಮರೆತು ಹೋಗಿ ಎಂದು ನಾನು ಹೇಳಲಾರೆ. ಆದರೆ ಆ ಗೋಡೆ ಯುದ್ಧದ ಜಯಘೋಷಕ್ಕೆಂದು ಕಟ್ಟಿದ್ದಲ್ಲ ಎಂಬುದನ್ನೂ ಅವರು ತಿಳಿಯಬೇಕು. ವಿಯೆಟ್ನಾಮಿನಲ್ಲಿ ಗಾಯಗೊಂಡು ಬಂದ ಜ್ಯಾನ್ ಸ್ಕ್ರಗ್ಸ್ ಎಂಬ ಸಾಮಾನ್ಯ ಸೈನಿಕ 1979ರಲ್ಲಿ ಅದಕ್ಕಾಗಿ ಓಡಾಟ ಶುರು ಮಾಡಿದರು. ಸತ್ತವರ ಹೆಸರುಗಳೆಲ್ಲ ಇರಬೇಕು, ಯುದ್ಧ ಸರಿಯೋ ತಪ್ಪೋ ಎಂಬ ಮಾತು ಇರಕೂಡದು ಎಂಬುದು ವಿನ್ಯಾಸ ಸ್ಪರ್ಧೆಯ ನಿಯಮವೇ ಆಗಿತ್ತು. ಬಂದ 1,421 ವಿನ್ಯಾಸಗಳಲ್ಲಿ ಆಯ್ಕೆಯಾದದ್ದು ಯೇಲ್ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಬರೆದದ್ದು: ನೆಲಕ್ಕೆ ಇಳಿದ ಎರಡು ಕಪ್ಪು ಗೋಡೆ, ಮೈತುಂಬ ಹೆಸರು, ಬೇರೇನೂ ಇಲ್ಲ. ವೀರಾವೇಶ ಕಾಣಲಿಲ್ಲವೆಂದು ಆಗ ಕೆಲವರು ಸಿಟ್ಟಾದರು, ಆಮೇಲೆ ಹತ್ತಿರದಲ್ಲಿ ಮೂವರು ಸೈನಿಕರ ಪ್ರತಿಮೆಯನ್ನೂ ಧ್ವಜವನ್ನೂ ಸೇರಿಸಬೇಕಾಯಿತು. ಕಡ್ಡಾಯ ಕರೆಗೆ ಓಗೊಟ್ಟು ಹೋದ ಹುಡುಗನೊಬ್ಬ ಮುದುಕನಾಗಿ ತನ್ನ ಗೆಳೆಯರ ಹೆಸರು ಹುಡುಕುವಾಗ ಅವನ ಗಾಲಿಕುರ್ಚಿ ಹಿಡಿದು ನಿಂತರೆ, ನೀವು ಆ ಯುದ್ಧಕ್ಕೆ ಸಹಿ ಹಾಕಿದಂತಾಗುವುದಿಲ್ಲ. ಯಜಮಾನರು ಅಜ್ಜನ ಜೊತೆ ಒಂದು ಸಂಜೆ ಕಾಫಿಗೆ ಕೂರಲಿ. ಆ ಯುದ್ಧದ ಬಗ್ಗೆ ಅಜ್ಜನ ಅಭಿಪ್ರಾಯ ಅವರದಕ್ಕಿಂತ ಖಾರವಾಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಹೊರಗಿನವಳು ಎಂಬ ಅಳುಕು ಬಿಡಿ. ಸಾಮಾನ್ಯವಾಗಿ ಹೆಂಡತಿಯನ್ನೋ ಗಂಡನನ್ನೋ ಗಾರ್ಡಿಯನ್ ಆಗಿ ಬಿಡುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ, ಅದುವರೆಗೆ ಮುಖವನ್ನೇ ನೋಡಿರದ ಸ್ವಯಂಸೇವಕರೂ ಬರುತ್ತಾರೆ. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದ ನೀವು ಅವರಿಗೆ ಅಪರಿಚಿತರಲ್ಲ. ಇನ್ನೊಂದು ಸಂಗತಿ ನಿಮಗೆ ಸಂತೋಷ ಕೊಡಬಹುದು, ನನಗಂತೂ ಕೊಟ್ಟಿದೆ. ಆ ಗೋಡೆಯ ಕಪ್ಪು ಗ್ರಾನೈಟ್ ನಮ್ಮ ಬೆಂಗಳೂರಿನ ಕಡೆಯ ಗಣಿಯಿಂದ ಹೋದದ್ದು. ವರ್ಮಾಂಟ್ ರಾಜ್ಯದ ಬ್ಯಾರಿ ಊರಿನಲ್ಲಿ ಕತ್ತರಿಸಿ ಹದ ಮಾಡಿ, ಟೆನೆಸಿಯ ಮೆಂಫಿಸ್‌ನಲ್ಲಿ ಹೆಸರು ಕೆತ್ತಿದರು. ಎದುರು ನಿಂತರೆ ಮುಖ ಕಾಣುವಷ್ಟು ನುಣುಪು.

ಇನ್ನು ಆ ದಿನದ ಮಾತು. ಸಾಮಾನ್ಯವಾಗಿ ನಸುಕಿಗೇ ಹೊರಟು ಅದೇ ರಾತ್ರಿ ವಾಪಸ್. ಹೊಸ ಚಪ್ಪಲಿ ಬೇಡ, ಕಾಲಿಗೆ ಪಳಗಿದ ಶೂ ಹಾಕಿ. ಗಾರ್ಡಿಯನ್‌ಗಳಿಗೆ ಮೊದಲೇ ತರಬೇತಿ ಇರುತ್ತದೆ, ತಪ್ಪಿಸಬೇಡಿ. ನಿಮ್ಮ ಖರ್ಚು ನೀವೇ ಕೊಡಬೇಕಾಗುತ್ತದೆ, ಎಷ್ಟೆಂದು ಈಗಲೇ ಕೇಳಿಕೊಳ್ಳಿ. ನಡೆಯಬಲ್ಲವರಿಗೂ ಗಾಲಿಕುರ್ಚಿ ಇಟ್ಟಿರುತ್ತಾರೆ. ಅಜ್ಜ ಮೊದಲಿಗೆ ಬೇಡವೆನ್ನುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಕೂರುತ್ತಾರೆ, ನೀವು ಬಾಯಿ ಬಿಡದಿದ್ದರೆ ಸರಿ.

ವಿಮಾನ ನಿಲ್ದಾಣದ ಚಪ್ಪಾಳೆಯ ಬಗ್ಗೆ ಮೊದಲೇ ಹೇಳಿಬಿಡಿ. ವಿಯೆಟ್ನಾಮಿಗೆ ಹೋದವರಲ್ಲಿ ಬಹುಪಾಲು ಜನ ಒಬ್ಬೊಬ್ಬರಾಗಿ ಹೋಗಿ, ಸುಮಾರು ವರ್ಷದ ಅವಧಿ ಮುಗಿಸಿ, ಒಬ್ಬೊಬ್ಬರಾಗಿಯೇ ಮರಳಿದವರು. ದಳವೆಲ್ಲ ಒಟ್ಟಾಗಿ ಬಂದಿಳಿದು ಊರಿನವರು ಎದುರುಗೊಳ್ಳುವ ಭಾಗ್ಯ ಅವರಿಗಿರಲಿಲ್ಲ. ಅದಕ್ಕೇ ಈಗ ಜನ ಸಾಲುಗಟ್ಟಿ “ವೆಲ್‌ಕಮ್ ಹೋಮ್” ಎನ್ನುತ್ತಾರೆ. ಕೆಲವರಿಗೆ ಇದರಿಂದ ಎದೆ ತುಂಬಿ ಬರುತ್ತದೆ, ಕೆಲವರಿಗೆ ಇಷ್ಟು ತಡವಾಯಿತಲ್ಲ ಎಂಬ ಸಿಟ್ಟು. ಎರಡೂ ನ್ಯಾಯವೇ. ಗದ್ದಲ ಅವರಿಗೆ ಆಗದು ಅನ್ನಿಸಿದರೆ ಆಯೋಜಕರಿಗೆ ಮುಂಚೆಯೇ ತಿಳಿಸಿ.

ಎಲ್ಲಕ್ಕಿಂತ ಗೋಡೆಯ ಹತ್ತಿರ ನಿಮ್ಮ ಮೈಯೆಲ್ಲ ಎಚ್ಚರವಿರಲಿ. ಅಲ್ಲಿ ಹೆಸರುಗಳಿರುವುದು ಸಾವಿನ ದಿನದ ಕ್ರಮದಲ್ಲಿ. ಎರಡು ಗೋಡೆ ಕೂಡುವ ಮೂಲೆಯಲ್ಲಿ 1959ರಿಂದ ಶುರುವಾಗಿ ಪೂರ್ವದ ತುದಿಯವರೆಗೆ ಹೋಗಿ, ಮತ್ತೆ ಪಶ್ಚಿಮದ ತುದಿಯಿಂದ ಹಿಡಿದು, 1975ಕ್ಕೆ ಅದೇ ಮೂಲೆಗೆ ಬಂದು ಮುಗಿಯುತ್ತದೆ. ಹಾಗಾಗಿ ಒಂದೇ ದಾಳಿಯಲ್ಲಿ ಬಿದ್ದವರು ಹತ್ತಿರ ಹತ್ತಿರವೇ ಇರುತ್ತಾರೆ. ಒಬ್ಬನನ್ನು ಹುಡುಕಿ ಹೋದವರ ಕಣ್ಣಿಗೆ ಆ ಇಡೀ ದಿನವೇ ಬೀಳುತ್ತದೆ. ಹೊರಡುವ ಮೊದಲು ಒಂದೇ ಸಲ ಕೇಳಿ: “ಅಲ್ಲಿ ನೀವು ನೋಡಬೇಕಾದವರು ಯಾರಾದರೂ ಇದ್ದಾರಾ?” ಹೆಸರು ಹೇಳಿದರೆ ಅದು ಎಷ್ಟನೇ ಫಲಕ, ಎಷ್ಟನೇ ಸಾಲು ಎಂದು ಹುಡುಕಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗೋಡೆಯ ತುದಿಯಲ್ಲೂ ಹೆಸರಿನ ಪುಸ್ತಕ ಇರುತ್ತದೆ, ಆದರೆ ಗುಂಪಿನ ನಡುವೆ ಪುಟ ತಿರುವುತ್ತ ನಿಲ್ಲುವುದು ಕಷ್ಟ. ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವ ರೂಢಿಯಿದೆ. ನಡುವಿನ ಫಲಕಗಳು 3 ಮೀಟರಿಗೂ ಎತ್ತರ, ಕೈಗೆಟುಕದಿದ್ದರೆ ಸ್ವಯಂಸೇವಕರನ್ನು ಕೇಳಿ. ಅಚ್ಚು ಬೇಕೋ ಬೇಡವೋ ಅಜ್ಜ ಹೇಳಲಿ.

ಅಲ್ಲಿ ಒಂದು ಹೆಜ್ಜೆ ಹಿಂದೆ ನಿಲ್ಲಿ. ಫೋನು ಚೀಲದಲ್ಲಿರಲಿ, ಮಗಳು ಫೋಟೊ ಕೇಳಿದ್ದರೂ ಸರಿಯೇ. ಅತ್ತರೆ ಅಳಲಿ. “ಆಗಿದ್ದು ಆಯ್ತು ಬಿಡಿ, ಸಮಾಧಾನ ಮಾಡ್ಕೊಳ್ಳಿ” ಎನ್ನುವುದು ನಮ್ಮ ಬಾಯಿಗೆ ತಾನಾಗಿ ಬರುವ ಮಾತು, ಅಂದು ಅದನ್ನು ತಡೆಹಿಡಿಯಿರಿ. ಅಳದಿದ್ದರೂ ಏನೂ ಕೊರತೆಯಿಲ್ಲ. ಮುಖ ಕಲ್ಲಿನಂತೆ ಇಟ್ಟುಕೊಂಡು ನಿಂತು, ಊಟ ಎಷ್ಟು ಹೊತ್ತಿಗೆ ಎಂದು ಕೇಳುವವರೂ ಇದ್ದಾರೆ. ಕಣ್ಣೀರಾಗಲಿ, ಕಥೆಯಾಗಲಿ, ಕೃತಜ್ಞತೆಯಾಗಲಿ ನೀವು ಅವರಿಂದ ನಿರೀಕ್ಷಿಸಬೇಡಿ. ಉಸಿರು ಕಟ್ಟಿದರೆ, ಎದೆ ಹಿಡಿದುಕೊಂಡರೆ ಕೂಡಲೇ ತಂಡದ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ. ಅಜ್ಜನ ಮಾತ್ರೆಗಳ ಪಟ್ಟಿ ನಿಮ್ಮ ಬಳಿಯೂ ಒಂದು ಇರಲಿ.

ಇಷ್ಟಾಗಿಯೂ ಬರುವುದಿಲ್ಲ ಎಂದರೆ ಒಪ್ಪಿಕೊಳ್ಳಿ, ಮಗಳಿಗೆ ನೀವೇ ತಿಳಿಸಿ. ಮುಂದಿನ ಪ್ರಯಾಣಕ್ಕೆ ಹೆಸರು ಸರಿಸಬಹುದೇ ಎಂದು ಘಟಕವನ್ನು ವಿಚಾರಿಸಿ. ಗುಂಪು, ಬಾವುಟ, ಚಪ್ಪಾಳೆ ಏನೂ ಬೇಡವೆಂದರೆ ನಿಮ್ಮ ಎರಡು ಮನೆಯವರೂ ಕಾರಿನಲ್ಲಿ ಹೋಗಬಹುದು. ಓಹಾಯೊದಿಂದ ಒಂದು ದಿನದ ದಾರಿ. ಆ ಗೋಡೆಗೆ ಬಾಗಿಲಿಲ್ಲ, ರಾತ್ರಿಯೂ ಜನ ಹೋಗುತ್ತಾರೆ. ಅದರ ಮುಕ್ಕಾಲು ಅಳತೆಯ ಪ್ರತಿಕೃತಿಯೊಂದು ‘ದಿ ವಾಲ್ ದಟ್ ಹೀಲ್ಸ್’ ಎಂಬ ಹೆಸರಿನಲ್ಲಿ ಲಾರಿಯ ಮೇಲೆ ಊರೂರು ಸುತ್ತುತ್ತದೆ. ನಿಮ್ಮ ಸುತ್ತಮುತ್ತ ಯಾವಾಗ ಬರುತ್ತದೆ ಎಂದು ನೋಡಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ತಡರಾತ್ರಿಯ ಆ ದೀಪ. ಸಂಗಾತಿಯನ್ನು ಕಳೆದುಕೊಂಡು ಒಂಟಿಯಾದವರಿಗೆ ಹಳೆಯದೆಲ್ಲ ಮತ್ತೆ ಮೇಲೇಳುವುದುಂಟು. ಪ್ರಯಾಣ ಆಗಲಿ, ಆಗದಿರಲಿ, ನಿದ್ದೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕುಡಿತ ಹೆಚ್ಚುವುದು, ಪ್ರೀತಿಯ ವಸ್ತುಗಳನ್ನು ಒಂದೊಂದಾಗಿ ಹಂಚುವುದು, ಇನ್ನೇನಿದೆ ಎಂಬ ಮಾತು ಕಂಡರೆ ತಡ ಮಾಡಬೇಡಿ. ಮನೆಯಲ್ಲಿ ಬಂದೂಕು ಇದೆಯೇ, ಬೀಗದಲ್ಲಿದೆಯೇ ಎಂಬುದು ಮಗಳಿಗೆ ತಿಳಿದಿರಲಿ. ಯುದ್ಧಕ್ಕೆ ಹೋಗಿ ಬಂದವರಿಗೆ ‘ವೆಟ್ ಸೆಂಟರ್’ಗಳಲ್ಲಿ ಉಚಿತ ಆಪ್ತಸಲಹೆ ಸಿಗುತ್ತದೆ. ತುರ್ತಾದರೆ 988ಕ್ಕೆ ಕರೆ ಮಾಡಿ 1 ಒತ್ತಿದರೆ ಹಗಲಿರುಳೂ ಮಾಜಿ ಸೈನಿಕರಿಗಾಗಿಯೇ ಇರುವ ಸಹಾಯವಾಣಿ. ಅವರ ಬಗ್ಗೆ ಕಳವಳಗೊಂಡ ನೀವೂ ಕರೆ ಮಾಡಬಹುದು.

ಅವರು ಒಪ್ಪಿದರೆ ಇನ್ನೊಂದು ಕೆಲಸ ಗುಟ್ಟಾಗಿ ಆಗಬೇಕು. ಮರಳುವ ವಿಮಾನದಲ್ಲಿ ‘ಮೇಲ್ ಕಾಲ್’ ಎಂದು ಕೂಗಿ, ಹಿಂದೆ ರಣರಂಗದಲ್ಲಿ ಅಂಚೆ ಹಂಚುತ್ತಿದ್ದಂತೆ, ಪ್ರತಿಯೊಬ್ಬರ ಕೈಗೂ ಪತ್ರಗಳ ಕಟ್ಟು ಕೊಡುತ್ತಾರೆ. ಅದನ್ನು ಮುಂಚೆಯೇ ಬರೆಸಿ ಆಯೋಜಕರಿಗೆ ತಲುಪಿಸಬೇಕು. ಕಡೆಯ ದಿನ ಯಾವುದೆಂದು ಈ ವಾರವೇ ಮಗಳ ಹತ್ತಿರ ಕೇಳಿ, ದೂರದಲ್ಲಿರುವ ನಂಟರಿಗೆಲ್ಲ ಅವಳು ತಿಳಿಸಲಿ. ನಿಮ್ಮ ಮಕ್ಕಳೂ ಒಂದೊಂದು ಪುಟ ಬರೆಯಲಿ.