ರೊಕ್ಕ ಕಡಿಮೆ, ಫೋನು ದೊಡ್ಡದು: ಕತ್ತರಿ ಎಲ್ಲಿ ಬಿದ್ದಿದೆ ನೋಡಿ ಕೊಳ್ಳಿ

ಮಕ್ತಲ್, ನಾರಾಯಣಪೇಟೆ, ಗದ್ವಾಲ್, ಇಲ್ಲವೇ ಹೊಳೆ ದಾಟಿ ರಾಯಚೂರು. ತೆಲಂಗಾಣ ಗಡಿಯ ನಮ್ಮ ಮಾಗನೂರಿನವರು ಫೋನು ಕೊಳ್ಳಲು ಎಲ್ಲಿಗೆ ಹೋದರೂ ಅಂಗಡಿಯ ಗಾಜಿನ ಮೇಲೆ ಅಂಟಿಸಿದ ಹಾಳೆಯಲ್ಲಿ ಇರುವುದು ಅದೇ ನಾಲ್ಕು ಸಾಲು: 5ಜಿ, 50 ಮೆಗಾಪಿಕ್ಸೆಲ್, 120 ಹರ್ಟ್ಸ್, 16 ಜಿಬಿ ರ‍್ಯಾಮ್. ಹತ್ತು ಸಾವಿರದ ಫೋನಿನ ಮೇಲೂ ಇದೇ, ಐವತ್ತು ಸಾವಿರದ್ದರ ಮೇಲೂ ಇದೇ. ಹಾಗಾದರೆ ಉಳಿದ ನಲವತ್ತು ಸಾವಿರ ಎಲ್ಲಿ ಹೋಯಿತು?

ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಫೋನಿನ ಮಟ್ಟಿಗೆ ಅರ್ಧ ಮಾತ್ರ ನಿಜ. 2018ರ ಆಗಸ್ಟ್‌ನಲ್ಲಿ ಬಂದ ಪೊಕೊ ಎಫ್1 ನೆನಪಿರಬಹುದು. ಆ ವರ್ಷದ ಅತ್ಯುತ್ತಮ ಚಿಪ್‌ಗಳಲ್ಲಿ ಒಂದಾದ ಸ್ನ್ಯಾಪ್‌ಡ್ರ್ಯಾಗನ್ 845 ಅದರಲ್ಲಿತ್ತು, ಬೆಲೆ 20,999 ರೂಪಾಯಿಯಿಂದ ಶುರು. ಅದೇ ಚಿಪ್ಪಿನ ಒನ್‌ಪ್ಲಸ್ 6ಕ್ಕೆ ಆಗ 34,999 ರೂಪಾಯಿ. ಪೊಕೊದಲ್ಲಿ ಚಿಪ್ ಅಸಲಿಯೇ, ಮೋಸವೇನೂ ಇರಲಿಲ್ಲ. ಆದರೆ ಹಿಂಬದಿ ಪ್ಲಾಸ್ಟಿಕ್ಕಿನದು. ಸಾಲದ್ದಕ್ಕೆ ವೈಡ್‌ವೈನ್ ಎಲ್1 ಎಂಬ ಪರವಾನಗಿ ಇಲ್ಲದ ಕಾರಣ ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿ ಚಿತ್ರ ಮೂಡುತ್ತಿರಲಿಲ್ಲ. ಅದು ಸರಿಹೋದದ್ದು ಮರುವರ್ಷದ ಅಪ್‌ಡೇಟ್‌ನಲ್ಲಿ. ಆಟ ಆಡುವ ಹುಡುಗರಿಗೆ ಇದು ಚಿನ್ನದಂಥ ವ್ಯಾಪಾರ, ಸಿನಿಮಾ ನೋಡುವವರಿಗೆ ಅಲ್ಲ. ಅಗ್ಗದ ಫೋನಿಗೆ ದುಬಾರಿ ಗುಣವೊಂದು ಬಂದಿದೆ ಎಂದರೆ ಬೇರೆಲ್ಲೋ ಕತ್ತರಿ ಬಿದ್ದಿರುತ್ತದೆ. ಅದು ಎಲ್ಲಿ, ನಿಮ್ಮ ಬಳಕೆಗೆ ಅದು ನೋವು ಕೊಡುತ್ತದೋ ಇಲ್ಲವೋ ಎಂದು ಪತ್ತೆ ಹಚ್ಚುವುದೇ ಫೋನು ನೋಡುವ ಕೆಲಸ.

ಮೊದಲು ಒಂದು ಚೀಟಿ

ಅಂಗಡಿಗೆ ಹೋಗುವ ಮುನ್ನ ಹಳೆಯ ಫೋನಿನಲ್ಲಿ ನೀವು ದಿನಾ ಮಾಡುವ ಕೆಲಸಗಳನ್ನು ಬರೆದುಕೊಳ್ಳಿ. ನಮ್ಮ ಕಡೆಯ ಪಟ್ಟಿ ಹೈದರಾಬಾದಿನವರ ಪಟ್ಟಿಯಂತೆ ಇರುವುದಿಲ್ಲ. ಸಿಸಿಐ (ಭಾರತೀಯ ಹತ್ತಿ ನಿಗಮ) ಖರೀದಿ ಕೇಂದ್ರಕ್ಕೆ ಹತ್ತಿ ಒಯ್ಯಲು 2025-26ರ ಹಂಗಾಮಿನಿಂದ ‘ಕಪಾಸ್ ಕಿಸಾನ್’ ಆ್ಯಪ್‌ನಲ್ಲಿ ಸ್ಲಾಟ್ ಹಿಡಿಯಬೇಕು. ಹೊಲದ ದಾಖಲೆಗೆ ಭೂಭಾರತಿ, ರೊಕ್ಕಕ್ಕೆ ಯುಪಿಐ, ಮಕ್ಕಳ ಪಾಠಕ್ಕೆ ಯೂಟ್ಯೂಬ್, ಪುಣೆ-ಬೆಂಗಳೂರಿಗೆ ದುಡಿಯಲು ಹೋದವರ ಮುಖ ನೋಡಲು ವಿಡಿಯೊ ಕಾಲ್. ಇವುಗಳಲ್ಲಿ ಯಾವುದಕ್ಕೂ 108 ಮೆಗಾಪಿಕ್ಸೆಲ್ ಬೇಡ. ಎಲ್ಲಕ್ಕೂ ಬೇಕಾದದ್ದು ಗಟ್ಟಿ ಸಿಗ್ನಲ್, ಬಿಸಿಲಲ್ಲೂ ಕಾಣುವ ಪರದೆ, ಮೂರು-ನಾಲ್ಕು ವರ್ಷ ತಡವರಿಸದೆ ಓಡುವ ಮೆಮೊರಿ.

ಗಡಿಯವರಿಗೆ ನೆಟ್‌ವರ್ಕೇ ಮೊದಲು

ಡಬ್ಬಿಯ ಮೇಲೆ 5ಜಿ ಎಂದಿದ್ದರೆ ಎಲ್ಲ ಸಿಮ್‌ಗೂ 5ಜಿ ಸಿಗುತ್ತದೆಂದು ತಿಳಿಯಬೇಡಿ. 2024ರ ನವೆಂಬರ್‌ನಲ್ಲಿ 8,499 ರೂಪಾಯಿಗೆ ರೆಡ್‌ಮಿ ಎ4 5ಜಿ ಬಂತು. ಅದು ‘ಎಸ್‌ಎ’ ಮಾದರಿಯ, ಅಂದರೆ 4ಜಿಯ ಆಸರೆ ಇಲ್ಲದೆ ತಾನೇ ನಿಂತ 5ಜಿಯನ್ನು ಮಾತ್ರ ಹಿಡಿಯುತ್ತಿತ್ತು. ಜಿಯೊದ 5ಜಿ ಕಟ್ಟಿದ್ದು ಹಾಗೇ. ಏರ್‌ಟೆಲ್ ಮಾತ್ರ 4ಜಿಯ ಹೆಗಲ ಮೇಲೆ ನಿಂತ ‘ಎನ್‌ಎಸ್‌ಎ’ ಮಾದರಿಯಲ್ಲಿ 5ಜಿ ಶುರು ಮಾಡಿತ್ತು. ಹೀಗಾಗಿ ಏರ್‌ಟೆಲ್ ಸಿಮ್ ಇದ್ದವರಿಗೆ ಆಗ ಅದು 5ಜಿ ಹೆಸರಿನ 4ಜಿ ಫೋನಾಗಿತ್ತು. ಇದು ಕಂಪನಿಯ ವಿವರಪಟ್ಟಿಯಲ್ಲೇ ಇತ್ತು, ಆದರೆ ಸಣ್ಣ ಅಕ್ಷರದಲ್ಲಿ. ಆದ್ದರಿಂದ ನೀವು ಕೊಳ್ಳುವ ಮಾದರಿಯ ಹೆಸರಿನಲ್ಲಿ ಕಂಪನಿಯ ಜಾಲತಾಣ ತೆರೆದು ‘ಎಸ್‌ಎ/ಎನ್‌ಎಸ್‌ಎ’ ಎರಡೂ ಇವೆಯೇ ನೋಡಿ.

ಆಮೇಲೆ ಬ್ಯಾಂಡ್‌ಗಳು. 5ಜಿಗೆ ಎನ್78 ಇರಲೇಬೇಕು. ಜಿಯೊ ಬಳಸುವವರು ಎನ್28 ಕೂಡ ಹುಡುಕಿ. ಇದು 700 ಮೆಗಾಹರ್ಟ್ಸ್ ತರಂಗ, ದೂರ ಸಾಗುತ್ತದೆ, ದಪ್ಪ ಕಲ್ಲುಗೋಡೆಯ ಮನೆಯೊಳಗೂ ಉಳಿದವಕ್ಕಿಂತ ಚೆನ್ನಾಗಿ ನುಗ್ಗುತ್ತದೆ. ಬಿಎಸ್‌ಎನ್‌ಎಲ್ 4ಜಿಗೆ ಬ್ಯಾಂಡ್ 28 ಮತ್ತು 1 ಮುಖ್ಯ. ಹಳೆಯ ಅಗ್ಗದ ಫೋನುಗಳಲ್ಲಿ ಎಷ್ಟೋ ಸಲ ಈ 28 ಇರುವುದೇ ಇಲ್ಲ.

ಇನ್ನೊಂದು ತಾಪತ್ರಯ ನಮ್ಮದೇ. ಟೆಲಿಕಾಂ ಲೆಕ್ಕದಲ್ಲಿ ತೆಲಂಗಾಣ ಇನ್ನೂ ಆಂಧ್ರ ವೃತ್ತದೊಳಗಿದೆ, ರಾಯಚೂರು ಕರ್ನಾಟಕ ವೃತ್ತದಲ್ಲಿ. ಕೃಷ್ಣಾ ಸೇತುವೆಯ ಆಸುಪಾಸು ಫೋನು ಒಮ್ಮೆ ಈಚೆಯ ಟವರ್, ಒಮ್ಮೆ ಶಕ್ತಿನಗರದ ಕಡೆಯ ಟವರ್ ಹಿಡಿಯಬಹುದು. ಕೆಲವು ಫೋನುಗಳು ಇದನ್ನು ರೋಮಿಂಗ್ ಎಂದುಕೊಂಡು ಡೇಟಾ ನಿಲ್ಲಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಎರಡೂ ಸಿಮ್‌ಗೆ ‘ಡೇಟಾ ರೋಮಿಂಗ್’ ಹಾಕಿಡಿ. ದೇಶದೊಳಗಿನ ಮಾಮೂಲಿ ಪ್ಲಾನ್‌ಗಳಲ್ಲಿ ಇದಕ್ಕೆ ಬೇರೆ ದುಡ್ಡಿಲ್ಲ. ಫೋನು ಕೆಟ್ಟಿದೆಯೆಂದು ಅಂಗಡಿಗೆ ಹೊರಡುವ ಮುನ್ನ ಇದೊಂದನ್ನು ನೋಡಿಕೊಂಡರೆ ಬಸ್ಸಿನ ರೊಕ್ಕ ಉಳಿಯುತ್ತದೆ.

ದೊಡ್ಡ ಅಂಕಿಗಳ ಒಳಗುಟ್ಟು

ಈಗ ಗಾಜಿನ ಮೇಲಿನ ಆ ನಾಲ್ಕು ಸಾಲಿಗೆ ಬರೋಣ. ‘16 ಜಿಬಿ ರ‍್ಯಾಮ್ ಅಣ್ಣಾ’ ಎಂದು ಅಂಗಡಿ ಹುಡುಗ ಹೇಳಿದರೆ ಡಬ್ಬಿ ತಿರುಗಿಸಿ ನೋಡಿ, ಅಗ್ಗದ ಫೋನಿನಲ್ಲಿ ಸಾಮಾನ್ಯವಾಗಿ 8+8 ಎಂದಿರುತ್ತದೆ. ಮೊದಲನೆಯ ಎಂಟು ಮಾತ್ರ ನಿಜದ ರ‍್ಯಾಮ್. ಎರಡನೆಯದು ಸ್ಟೋರೇಜ್‌ನಿಂದ ಕಡ ತಂದ ಜಾಗ, ಅದರ ವೇಗ ರ‍್ಯಾಮ್‌ನ ಹತ್ತಿರಕ್ಕೂ ಬರುವುದಿಲ್ಲ. 4+4 ಎಂಬ ಫೋನು ನಾಲ್ಕು ಜಿಬಿಯದೇ ಎಂದು ತಿಳಿದು ವ್ಯಾಪಾರ ಮಾಡಿ. ಇಂದಿಗೆ ಆರು ಜಿಬಿಗಿಂತ ಕಡಿಮೆ ಬೇಡ ಎಂಬುದು ನನ್ನ ಅಭಿಪ್ರಾಯ.

ಸ್ಟೋರೇಜ್ ಎಷ್ಟು ಜಿಬಿ ಎಂದು ಎಲ್ಲರೂ ಕೇಳುತ್ತಾರೆ, ಯಾವ ಜಾತಿಯದು ಎಂದು ಯಾರೂ ಕೇಳುವುದಿಲ್ಲ. ಕತ್ತರಿ ಸದ್ದಿಲ್ಲದೆ ಬೀಳುವುದು ಇಲ್ಲೇ. ಇಎಂಎಂಸಿ 5.1 ಸೆಕೆಂಡಿಗೆ ಸುಮಾರು 250ರಿಂದ 300 ಎಂಬಿ ಓದಬಲ್ಲದು. ಯುಎಫ್‌ಎಸ್ 2.2 ಸಾವಿರದ ಹತ್ತಿರ ಹೋಗುತ್ತದೆ. ಹೊಸದರಲ್ಲಿ ಎರಡೂ ಚುರುಕೇ. ಒಂದೂವರೆ ವರ್ಷದಲ್ಲಿ ವಾಟ್ಸ್‌ಆ್ಯಪ್ ಫೋಟೊಗಳು ತುಂಬಿದ ಮೇಲೆ ಇಎಂಎಂಸಿ ಫೋನು ಯುಪಿಐ ಪಿನ್ ಕೇಳುವ ಹೊತ್ತಿಗೆ ಸುತ್ತತೊಡಗುತ್ತದೆ, ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಮೆಗಾಪಿಕ್ಸೆಲ್ ಎಷ್ಟಾದರೂ ಕಡಿಮೆ ಇರಲಿ, ಯುಎಫ್‌ಎಸ್ ಇರುವ ಫೋನನ್ನೇ ಆರಿಸಿ.

ಚಿಪ್ಪಿನ ಹೆಸರಿನಲ್ಲೂ ಹುಷಾರು. ಡೈಮೆನ್ಸಿಟಿ 6300, ಡೈಮೆನ್ಸಿಟಿ 7300 ಎರಡೂ ‘ಆಕ್ಟಾ ಕೋರ್ 5ಜಿ’ ಎಂದೇ ಮಾರಾಟವಾಗುತ್ತವೆ. ಮೊದಲನೆಯದರಲ್ಲಿ ದೊಡ್ಡ ಕೋರ್ ಎರಡೇ, 6 ನ್ಯಾನೊಮೀಟರ್ ತಯಾರಿಕೆ. ಎರಡನೆಯದರಲ್ಲಿ ದೊಡ್ಡವು ನಾಲ್ಕು, 4 ನ್ಯಾನೊಮೀಟರ್, ಹಾಗಾಗಿ ಬಿಸಿಯೂ ಕಡಿಮೆ. ಈ 7300 ಚಿಪ್ಪನ್ನು 2024ರ ಜುಲೈನಲ್ಲಿ ಸಿಎಂಎಫ್ ಫೋನ್ 1 ಎಂಬುದು 15,999 ರೂಪಾಯಿಗೇ ಕೊಟ್ಟಿತು, ಜೊತೆಗೆ 120 ಹರ್ಟ್ಸ್ ಅಮೊಲೆಡ್ ಪರದೆ. ಕತ್ತರಿ? ಡಬ್ಬಿಯಲ್ಲಿ ಚಾರ್ಜರ್ ಇಲ್ಲ, ಸ್ಪೀಕರ್ ಒಂದೇ, ಫೋನು ತಾಗಿಸಿ ರೊಕ್ಕ ಕಟ್ಟುವ ಎನ್‌ಎಫ್‌ಸಿ ಇಲ್ಲ. ನಮ್ಮಂಥವರಿಗೆ ಈ ಮೂರೂ ಸಹಿಸಬಹುದಾದ ಕೊರತೆಗಳು. ಚಾರ್ಜರ್‌ನ ಬೆಲೆಯನ್ನು ಮಾತ್ರ ಫೋನಿನ ಬೆಲೆಗೆ ಕೂಡಿಸಿಯೇ ಹೋಲಿಸಬೇಕು.

50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಒಟ್ಟುಗೂಡಿಸಿ ಹನ್ನೆರಡೂವರೆ ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತದೆ. ಪಕ್ಕದ ಎರಡು ಮೆಗಾಪಿಕ್ಸೆಲ್‌ನ ‘ಡೆಪ್ತ್’, ‘ಮ್ಯಾಕ್ರೊ’ ಕಣ್ಣುಗಳು ಹೆಚ್ಚಾಗಿ ಲೆಕ್ಕ ತುಂಬಿಸಲು ಇರುವಂಥವು. ಒಐಎಸ್ ಎಂದಿದ್ದರೆ ಅದಕ್ಕೆ ಬೆಲೆ ಕೊಡಿ, ಕೈ ನಡುಗಿದರೂ, ಬೆಳಕು ಕಡಿಮೆ ಇದ್ದರೂ ಚಿತ್ರ ನಿಲ್ಲುತ್ತದೆ.

ಪರದೆಗೆ 120 ಹರ್ಟ್ಸ್‌ಗಿಂತ ಮೊದಲು ಕೇಳಬೇಕಾದದ್ದು ಎಚ್‌ಡಿ ಪ್ಲಸ್ಸೋ ಫುಲ್ ಎಚ್‌ಡಿ ಪ್ಲಸ್ಸೋ ಎಂದು. ಕನ್ನಡ, ತೆಲುಗು ಓದುವವರಿಗೆ ಇದು ಇಂಗ್ಲಿಷ್ ಓದುವವರಿಗಿಂತ ಮುಖ್ಯ. 6.7 ಇಂಚಿನ ಪರದೆಗೆ 720 ಸಾಲಿನ ಎಚ್‌ಡಿ ಪ್ಲಸ್ ಹಾಕಿದರೆ ಇಂಚಿಗೆ ಸುಮಾರು 260 ಚುಕ್ಕಿ ಮಾತ್ರ. ದಿನಪತ್ರಿಕೆಯ ಇ-ಪೇಪರ್ ಪುಟವನ್ನು ಪೂರ್ತಿ ಅಗಲಕ್ಕೆ ಇಟ್ಟು ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಪದಗಳನ್ನು ಹುಡುಕಿ. ಒತ್ತಕ್ಷರಗಳು ಕಲಸಿಕೊಂಡು ಮಸಿ ಚುಕ್ಕೆಯಂತಾದರೆ ಆ ಪರದೆ ನಿಮಗಲ್ಲ.

ಗಲ್ಲಾ ಮುಂದಿನ ಕಾಲು ಗಂಟೆ

ಡೆಮೊ ಪೀಸ್ ಕೇಳಿ, ನಿಮ್ಮ ಸಿಮ್ ಹಾಕಿಸಿ. ಕೊಡಲು ಒಲ್ಲೆ ಎಂದರೆ ಪಕ್ಕದ ಅಂಗಡಿ ಇದ್ದೇ ಇದೆ.

ಮೊದಲ ಕೆಲಸ, ಫೋನು ಹಿಡಿದು ಹೊರಗೆ ಬಿಸಿಲಿಗೆ ಬನ್ನಿ. ‘2000 ನಿಟ್ಸ್’ ಎಂಬ ಜಾಹೀರಾತಿನ ಅಂಕಿ ಪರದೆಯ ಸಣ್ಣ ತುಣುಕೊಂದು ಅರೆಗಳಿಗೆ ಮುಟ್ಟುವ ಬೆಳಕು. ಇಡೀ ಪರದೆಯ ಲೆಕ್ಕ ಬೇಕಾದರೆ ‘ಎಚ್‌ಬಿಎಂ’ ಅಂಕಿ ನೋಡಬೇಕು, ಅದು ಸಾವಿರದ ಸುಮಾರಿದ್ದರೆ ಒಳ್ಳೆಯದು. ಬಿಸಿಲಲ್ಲಿ ನಿಂತು ಕ್ಯಾಮೆರಾದಲ್ಲಿ ಐದು ನಿಮಿಷ ವಿಡಿಯೊ ತೆಗೆಯಿರಿ. ಬಹುತೇಕ ಫೋನುಗಳನ್ನು 35 ಡಿಗ್ರಿಯೊಳಗಿನ ಹವೆಗೆಂದು ರೂಪಿಸಿರುತ್ತಾರೆ, ನಮ್ಮ ಏಪ್ರಿಲ್-ಮೇ ನಲವತ್ತು ದಾಟುತ್ತದೆ. ಐದು ನಿಮಿಷಕ್ಕೇ ಪರದೆ ತಾನಾಗಿ ಮಂಕಾದರೆ, ಕ್ಯಾಮೆರಾ ನಿಂತರೆ, ಹೊಲದಲ್ಲಿ ಅದು ಇದಕ್ಕಿಂತ ಕೆಟ್ಟದಾಗಿ ನಡೆದುಕೊಳ್ಳುತ್ತದೆ.

ಒಳಗೆ ಬಂದು ಗೂಗಲ್ ಮ್ಯಾಪ್ಸ್ ತೆರೆಯಿರಿ. ನಿಂತಲ್ಲೇ ತಿರುಗಿದರೆ ನೀಲಿ ಚುಕ್ಕೆಯ ಮುಂದಿನ ಬೆಳಕಿನ ಕೋನವೂ ತಿರುಗಬೇಕು. ಅದು ಇಲ್ಲವೇ ಇಲ್ಲ ಎಂದರೆ ಫೋನಿನಲ್ಲಿ ದಿಕ್ಸೂಚಿಯನ್ನೇ ಹಾಕಿಲ್ಲ. ನಂಬರ್ ಡಯಲ್ ಮಾಡುವ ಜಾಗದಲ್ಲಿ ಸ್ಯಾಮ್‌ಸಂಗ್ ಆದರೆ *#0*#, ಶಓಮಿ-ರೆಡ್‌ಮಿ ಆದರೆ *#*#6484#*#* ಒತ್ತಿದರೆ ಪರದೆ, ಸ್ಪೀಕರ್, ಸೆನ್ಸರ್ ಒಂದೊಂದನ್ನೇ ಪರೀಕ್ಷಿಸುವ ಪಟ್ಟಿ ತೆರೆಯುತ್ತದೆ. *#07# ಒತ್ತಿದರೆ ವಿಕಿರಣದ ಎಸ್‌ಎಆರ್ ಅಂಕಿ ಬರುತ್ತದೆ. ಭಾರತದಲ್ಲಿ ಅದು 1.6 ಮೀರುವಂತಿಲ್ಲ.

ಕೀಲಿಮಣೆಗೆ ಕನ್ನಡ, ತೆಲುಗು ಎರಡನ್ನೂ ಸೇರಿಸಿ, ಮೈಕ್ ಒತ್ತಿ ಮಾತಾಡಿ ನೋಡಿ. ಮನೆಯ ಹಿರಿಯರಿಗಾಗಿ ಕೊಳ್ಳುತ್ತಿದ್ದರೆ ಅವರನ್ನೇ ಕರೆದೊಯ್ದು ಮಾತಾಡಿಸಿ, ನಮ್ಮ ಕಡೆಯ ಕನ್ನಡ ಬೆಂಗಳೂರಿನದ್ದಲ್ಲವಲ್ಲ.

ಇನ್ನು ಅಪ್‌ಡೇಟ್. ಅಂಗಡಿಯವರು ತಾವಾಗಿ ಹೇಳದ ವಿಷಯವಿದು. ಬ್ಯಾಂಕ್ ಆ್ಯಪ್‌ಗಳು ತೀರಾ ಹಳೆಯ ಆಂಡ್ರಾಯ್ಡ್‌ನಲ್ಲಿ ಓಡುವುದಿಲ್ಲ, ಹಾಗಾಗಿ ಫೋನಿನ ಆಯುಸ್ಸು ಬ್ಯಾಟರಿಯಷ್ಟೇ ಅಪ್‌ಡೇಟ್‌ನ ಮೇಲೂ ನಿಂತಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಗ್ಯಾಲಕ್ಸಿ ಎ16 5ಜಿಗೆ ಸ್ಯಾಮ್‌ಸಂಗ್ ಆರು ವರ್ಷದ ಭರವಸೆ ಕೊಟ್ಟಿತು. ಅದೇ ಬೆಲೆಗೆ ಅದಕ್ಕಿಂತ ವೇಗದ ಚಿಪ್ ಇರುವ ಫೋನುಗಳಿದ್ದವು. ಎರಡು ವರ್ಷಕ್ಕೊಮ್ಮೆ ಫೋನು ಬದಲಿಸುವವರು ವೇಗ ಆರಿಸಲಿ, ಐದು ವರ್ಷ ಎಳೆಯುವವರು ಅಪ್‌ಡೇಟ್ ಆರಿಸಲಿ. ನಮ್ಮೂರಲ್ಲಿ ಎರಡನೆಯವರೇ ಜಾಸ್ತಿ.

ನೀರು-ಧೂಳಿನ ಐಪಿ ಅಂಕಿಯಲ್ಲಿ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಹತ್ತಿ ಬಿಡಿಸುವ ಹೊಲಕ್ಕೆ ಐಪಿ54ಕ್ಕಿಂತ ಐಪಿ64 ಮೇಲು. ಆದರೆ ಐಪಿ ಎಷ್ಟೇ ಇರಲಿ, ನೀರು ಹೊಕ್ಕ ಫೋನಿಗೆ ಸಾಮಾನ್ಯವಾಗಿ ವಾರಂಟಿ ಸಿಗದು.

ಬಿಲ್ಲು, ಕಂತು, ರಿಪೇರಿ

ಫೋನಿಗೆ ಜಿಎಸ್‌ಟಿ ಶೇ 18, ರಾಯಚೂರಲ್ಲಿ ಕೊಂಡರೂ ಅಷ್ಟೇ, ನಾರಾಯಣಪೇಟೆಯಲ್ಲಿ ಕೊಂಡರೂ ಅಷ್ಟೇ. ಕಂಪನಿಯ ವಾರಂಟಿಯೂ ದೇಶಕ್ಕೆಲ್ಲ ಒಂದೇ. ಆದ್ದರಿಂದ ಐನೂರು ಉಳಿಯುತ್ತದೆಂದು ದೂರ ಹೋಗುವ ಬದಲು ಆ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ರಾಯಚೂರಿನಲ್ಲಿದೆಯೋ, ಮಹಬೂಬ್‌ನಗರದಲ್ಲಿದೆಯೋ, ಅದಕ್ಕೂ ಆಚೆಯೋ ಎಂದು ವಿಚಾರಿಸಿ. 2023ರ ಅಕ್ಟೋಬರ್‌ನಲ್ಲಿ ಜಕ್ಲೇರ್–ಕೃಷ್ಣಾ ರೈಲು ಮಾರ್ಗ ತೆರೆದ ಮೇಲೆ ಎರಡೂ ಕಡೆ ಹೋಗಿಬರುವುದು ಸಲೀಸಾಗಿದೆ, ನಿಜ. ಆದರೂ ಪರದೆ ಬದಲಿಸಲು ಎರಡು ಸಲ ಓಡಾಡಿದರೆ ಒಂದು ದಿನದ ಕೂಲಿಗಿಂತ ಹೆಚ್ಚೇ ಹೋಗುತ್ತದೆ. ಪರದೆಯ ಬೆಲೆಯನ್ನು ಕೊಳ್ಳುವ ಮುಂಚೆಯೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಹನ್ನೆರಡು ಸಾವಿರದ ಫೋನಿಗೆ ನಾಲ್ಕು ಸಾವಿರದ ಪರದೆ ಎಂದರೆ ಇನ್ನೊಮ್ಮೆ ಯೋಚಿಸಿ.

‘ಬಡ್ಡಿಯಿಲ್ಲದ ಕಂತು’ ಎಂದರೆ ಪ್ರೊಸೆಸಿಂಗ್ ಶುಲ್ಕ, ಕಡ್ಡಾಯ ವಿಮೆ, ಕೈಬಿಟ್ಟ ರಿಯಾಯಿತಿ ಮೂರನ್ನೂ ಕೂಡಿಸಿ, ನಗದು ಬೆಲೆಯ ಪಕ್ಕ ಬರೆಯಿರಿ. ವ್ಯತ್ಯಾಸವೇ ಬಡ್ಡಿ. ಇನ್ನೊಂದು ಮಾತು: 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದೆ. ಅದರ ಪೆಟ್ಟು ಅಗ್ಗದ ಫೋನಿಗೇ ಹೆಚ್ಚು. ಹಾಗಾಗಿ ಹೊಸ ಮಾದರಿ ಎಂದರೆ ಹಿಂದಿನದಕ್ಕಿಂತ ಒಳ್ಳೆಯದೇ ಎಂದೇನಿಲ್ಲ. ಕಳೆದ ವರ್ಷದ ಮಾದರಿ ಹಳೆ ಬೆಲೆಗೇ ಸಿಕ್ಕರೆ ಎರಡರ ವಿವರಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ.

ರೊಕ್ಕ ಎಣಿಸುವ ಮುನ್ನ *#06# ಒತ್ತಿ. ಬರುವ 15 ಅಂಕಿಯ ಐಎಂಇಐ, ಡಬ್ಬಿ ಮತ್ತು ಬಿಲ್ಲಿನ ಮೇಲಿನದಕ್ಕೆ ಸರಿಹೊಂದಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ಫೋನಿನ ಜಾತಕ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ತಪ್ಪಿಸಲೇಬಾರದು. ಆ ಬಿಲ್ಲಿನ ಫೋಟೊ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಫೋನು ಕಳೆದರೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲಿ ಐಎಂಇಐ ತಡೆಹಿಡಿಯಲು ಪೊಲೀಸ್ ದೂರಿನ ಜೊತೆ ಅದು ಬೇಕಾಗುತ್ತದೆ.

ಮೊದಲ ವಾರ

ಆನ್‌ಲೈನ್‌ನಲ್ಲಿ ಕೊಂಡರೆ ಬದಲಿಸುವ ಅವಧಿ ಸಾಮಾನ್ಯವಾಗಿ ಏಳು ದಿನ. ಡಬ್ಬಿ ಒಡೆಯುವಾಗಲೇ ವಿಡಿಯೊ ಮಾಡಿಕೊಳ್ಳಿ. ಆ ವಾರ ಫೋನಿಗೆ ಸುಖ ಕೊಡಬೇಡಿ: ಇಡೀ ದಿನ ಎರಡೂ ಸಿಮ್ ಹಾಕಿ ಹೊಲಕ್ಕೆ ಒಯ್ಯಿರಿ, ಅರ್ಧ ಗಂಟೆ ವಿಡಿಯೊ ಕಾಲ್ ಮಾಡಿ, ರಾತ್ರಿ ಚಾರ್ಜ್ ಪೂರ್ತಿಯಾಗಲು ಹಿಡಿದ ಹೊತ್ತು ನೋಡಿ. ಲಾಕ್ ಪರದೆಯ ಮೇಲಿನ ಜಾಹೀರಾತು, ಕೇಳದೆ ಬಂದ ಆ್ಯಪ್‌ಗಳನ್ನು ಮೊದಲ ದಿನವೇ ಕಿತ್ತುಹಾಕಿ. ದೋಷ ಕಂಡರೆ ಬಾಯಿಮಾತಿನಲ್ಲಿ ಜಗಳ ಬೇಡ, ಬರಹದಲ್ಲಿ ದೂರು ಕೊಟ್ಟು ಅದರ ಸಂಖ್ಯೆ ಇಟ್ಟುಕೊಳ್ಳಿ. ಅಂಗಡಿಯವರೂ ಕಂಪನಿಯವರೂ ಪರಸ್ಪರ ಬೆರಳು ತೋರಿಸತೊಡಗಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಿಲ್ಲು ಮತ್ತು ಆ ದೂರಿನ ಸಂಖ್ಯೆ ಕೈಯಲ್ಲಿ ಹಿಡಿದುಕೊಂಡು.