ಆಯಿಲ್ ಎಲ್ಲಿಂದ ಬರುತ್ತಿದೆ, ಮೊದಲು ನೋಡು



ಅಜ್ಜನ ಅಂಬಾಸಿಡರನ್ನು ಗುಜರಿಗೆ ಹಾಕದೆ ಉಳಿಸಿಕೊಂಡೆಯಲ್ಲ, ತುಂಬ ಸಂತೋಷವಾಯಿತು. ಆಯಿಲ್ ಸೋರುತ್ತಿದೆ, ಎಂಜಿನ್ ಇಳಿಸಿ ಎಲ್ಲ ಪ್ಯಾಕಿಂಗ್ ಬದಲಾಯಿಸಬೇಕು ಎಂದು ಗ್ಯಾರೇಜಿನವರು ಹೇಳಿದರೆಂದು ಬರೆದಿದ್ದೀಯ. ಸದ್ಯಕ್ಕೆ ಇಳಿಸಬೇಡ. ಸೋರುವ ಜಾಗ ಯಾವುದೆಂದು ತಿಳಿಯದೆ ಮಾಡಿಸಿದ ರಿಪೇರಿಗೆ ಸುರಿದಷ್ಟು ದುಡ್ಡನ್ನು ಹಳೆ ಕಾರಿನವರು ಬೇರೆ ಯಾವುದಕ್ಕೂ ಸುರಿದಿಲ್ಲ.

ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗವೇ ಬೇರೆ, ಹೆಂಚು ಒಡೆದ ಜಾಗವೇ ಬೇರೆ. ಇಲ್ಲೂ ಹಾಗೇ. ಟ್ಯಾಪೆಟ್ ಕವರಿನ ಅಂಚಲ್ಲಿ ಜಿನುಗಿದ ಎಣ್ಣೆ ಬ್ಲಾಕಿನ ಮೇಲೆ ಇಳಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಸರಿದು, ತಳದ ಆಯಿಲ್ ಸಂಪಿನ ಹಿಂಭಾಗದಲ್ಲಿ ಹನಿಯುತ್ತದೆ. ಕೆಳಗೆ ಮಲಗಿ ನೋಡಿದವರು ಹಿಂದಿನ ಆಯಿಲ್ ಸೀಲ್ ಹೋಗಿದೆ ಅಂದುಬಿಡುತ್ತಾರೆ. ನಿನ್ನ ಗಾಡಿಯ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ ಸೀರೀಸ್ ಮಾದರಿಯದು. ಅದಕ್ಕೆ ಹಿಂದುಗಡೆ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕ್ ಶಾಫ್ಟಿನ ಮೇಲೆ ಥ್ರೆಡ್ ಕೊರೆದಿದ್ದಾರೆ. ಶಾಫ್ಟ್ ತಿರುಗುತ್ತಿರುವಷ್ಟು ಹೊತ್ತು ಅದೇ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಎಂಜಿನ್ ನಿಂತ ಮೇಲೆ, ಅದರಲ್ಲೂ ಮೂತಿ ಏರಿನ ಕಡೆಗಿದ್ದರೆ, ನಾಲ್ಕು ಹನಿ ಬೀಳುವುದುಂಟು. ಬೆಲ್ ಹೌಸಿಂಗಿನ ತಳದ ಸಣ್ಣ ತೂತು ಇರುವುದೇ ಅದಕ್ಕೆ. ಅದನ್ನು ಯಾರಿಗೂ ಮುಚ್ಚಲು ಬಿಡಬೇಡ, ಎಣ್ಣೆ ಕ್ಲಚ್ ಪ್ಲೇಟಿಗೆ ಹೋಗುತ್ತದೆ.

ಹಾಗಾಗಿ ಮೊದಲ ಕೆಲಸ ತೊಳೆಯುವುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಡಿಸ್ಟ್ರಿಬ್ಯೂಟರಿಗೂ ಕಾರ್ಬುರೇಟರಿಗೂ ಪ್ಲಾಸ್ಟಿಕ್ ಸುತ್ತಿ, ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ಜಿಡ್ಡೆಲ್ಲ ತೆಗೆ. ಒರೆಸಿ, ಚೆನ್ನಾಗಿ ಒಣಗಲು ಬಿಡು. ಆಮೇಲೆ ಜೋಡಣೆಯ ಅಂಚುಗಳಿಗೆ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಕಾಯುವಷ್ಟು ದೂರ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬಾ. ಪೌಡರಿನ ಮೇಲೆ ಕಪ್ಪು ಗೆರೆ ಎಲ್ಲಿ ಶುರುವಾಗಿದೆಯೋ ಅದೇ ಜಾಗ.

ಪ್ಯಾಕಿಂಗ್ ಮುಟ್ಟುವ ಮೊದಲು ಬ್ರೀದರ್ ನೋಡು. ಪಿಸ್ಟನ್ನುಗಳನ್ನು ದಾಟಿ ಸ್ವಲ್ಪ ಹೊಗೆ ಯಾವಾಗಲೂ ಕೆಳಗೆ ಇಳಿಯುತ್ತದೆ. ಅದು ಹೊರಹೋಗುವ ಬ್ರೀದರ್ ಪೈಪಿನಲ್ಲಿ ಜಿಡ್ಡು ಕಟ್ಟಿದ್ದರೆ ಒಳಗೆ ಒತ್ತಡ ಹೆಚ್ಚಿ, ನಿನ್ನೆ ಹಾಕಿದ ಪ್ಯಾಕಿಂಗಿನಿಂದಲೂ ಎಣ್ಣೆ ಬರುತ್ತದೆ. ಪೈಪ್ ಬಿಚ್ಚಿ ತೊಳೆದು, ಈ ಕಡೆಯಿಂದ ಊದಿದರೆ ಆ ಕಡೆಗೆ ಬರುತ್ತದೆಯೋ ನೋಡು. ಅಷ್ಟಾದ ಮೇಲೂ ಆಯಿಲ್ ಕ್ಯಾಪ್ ತೆಗೆದಾಗ ಹೊಗೆ ಬುಸಬುಸನೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿದೆ ಎಂಬ ಗುಮಾನಿ ಬರಬೇಕು. ಕಂಪ್ರೆಷನ್ ಚೆಕ್ ಮಾಡಿಸು.

ಇನ್ನು ಸೈಡ್ ಕವರುಗಳು. ಮ್ಯಾನಿಫೋಲ್ಡಿನ ಹಿಂದೆ ಅಡಗಿರುವ ಎರಡು ತಗಡಿನ ಮುಚ್ಚಳ, ಒಂದೊಂದಕ್ಕೂ ನಡುವೆ ಒಂದೇ ಬೋಲ್ಟ್. ಎಕ್ಸಾಸ್ಟಿನ ಕಾವಿಗೆ ಅಲ್ಲಿಯ ಕಾರ್ಕ್ ಸುಟ್ಟ ರೊಟ್ಟಿ ಥರ ಪುಡಿಯಾಗಿರುತ್ತದೆ. ಮ್ಯಾನಿಫೋಲ್ಡ್ ಬಿಚ್ಚಬೇಕಲ್ಲ ಎಂಬ ಬೇಸರಕ್ಕೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ, ಬೋಲ್ಟನ್ನೇ ಇನ್ನಷ್ಟು ಬಿಗಿಯುತ್ತಾರೆ. ಬಿಗಿದಂತೆಲ್ಲ ತಗಡಿನ ನಡು ಒಳಕ್ಕೆ ತಗ್ಗಿ ಅಂಚು ಮೇಲೇಳುತ್ತದೆ, ಸೋರಿಕೆ ಹೆಚ್ಚುತ್ತದೆ. ಹೊಸ ಕಾರ್ಕ್ ಹಾಕುವ ಮುಂಚೆ ಮುಚ್ಚಳವನ್ನು ಗಾಜಿನ ಮೇಲಿಟ್ಟು ಅಂಚು ಸಮನಾಗಿ ಕೂರುತ್ತದೆಯೇ ನೋಡು. ಬೋಲ್ಟಿನ ತಲೆಯಡಿಯ ವಾಷರನ್ನೂ ಬದಲಿಸು. ಕಾರ್ಕ್ ಸ್ವಲ್ಪ ಅಮುಕಿದರೆ ಸಾಕು, ಅಲ್ಲಿಗೆ ನಿಲ್ಲಿಸು. ಮೇಲಿನ ಟ್ಯಾಪೆಟ್ ಕವರಿಗೂ ಇದೇ ಮಾತು.

ಆಯಿಲ್ ಫಿಲ್ಟರ್ ಬೌಲ್ ಕೂರುವ ತೋಡಿನಲ್ಲಿ ಹಳೆ ರಬ್ಬರ್ ರಿಂಗ್ ಅಂಟಿಕೊಂಡೇ ಇರುತ್ತದೆ, ಅದರ ಮೇಲೇ ಹೊಸದನ್ನು ಕೂರಿಸಿಬಿಡುತ್ತಾರೆ. ಸೂಜಿಯಿಂದ ಕೆದಕಿ ನೋಡು. ಮುಂದಿನ ಟೈಮಿಂಗ್ ಕವರ್ ಸೀಲ್ ಬದಲಿಸುವಾಗ ಪುಲ್ಲಿಯ ಮೈಯನ್ನು ಉಗುರಿನಿಂದ ಸವರು. ಹಳೆ ಸೀಲ್ ಉಜ್ಜಿ ತೋಡು ಬಿದ್ದಿದ್ದರೆ ಹೊಸ ಸೀಲ್ ನಿಲ್ಲುವುದಿಲ್ಲ.

ಪ್ಯಾಕಿಂಗಿಗೆ ಅನಾಬಾಂಡ್, ಸಿಲಿಕಾನ್ ಪೇಸ್ಟ್ ಬಳಿಯುವವರನ್ನು ದೂರವಿಡು. ಒಳಗೆ ಉಕ್ಕಿದ ಪೇಸ್ಟು ಕಳಚಿ ಸಂಪಿಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಬೇರಿಂಗ್ ಹೋಗುತ್ತದೆ. ಹಾಗೆಯೇ ಹೊಸ ಕಾರುಗಳ ತೆಳು ಆಯಿಲ್ ಇದಕ್ಕೆ ಬೇಡ, 20ಡಬ್ಲ್ಯು-50 ಹಾಕು. ಬೆಂಗಳೂರಿಗೆ ಬಂದಾಗ ಜೆ.ಸಿ. ರಸ್ತೆಯ ಹಳೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಪ್ಯಾಕಿಂಗ್ ಕೇಳು. ಬಗ್ಗಿಸಿದರೆ ಮುರಿಯುವ ಕಾರ್ಕನ್ನು ಕೊಳ್ಳಬೇಡ.

ಇದನ್ನೆಲ್ಲ ಇಷ್ಟು ಒತ್ತಿ ಬರೆಯಲು ಕಾರಣವಿದೆ. ಸೋರಿದ ಎಣ್ಣೆ ರಸ್ತೆಯ ಮೇಲೆ ಉಳಿಯುತ್ತದೆ. ಮೊದಲ ಮಳೆ ಬಿದ್ದಾಗ ಅದರ ಮೇಲೆ ಜಾರುವುದು ಸ್ಕೂಟರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು. ಹಿಂದಿನ ಆ ನಾಲ್ಕು ಹನಿಗೆ ಶೆಡ್ಡಿನಲ್ಲಿ ಒಂದು ಟ್ರೇ ಇಡು, ಉಳಿದದ್ದನ್ನು ನಿಲ್ಲಿಸಲೇಬೇಕು. ಅಲ್ಲಿಯವರೆಗೆ ಡಿಪ್ ಸ್ಟಿಕ್ ನೋಡದೆ ಗಾಡಿ ಹೊರತೆಗೆಯಬೇಡ.

ಈ ಭಾನುವಾರವೇ ತೊಳೆ. ಕಪ್ಪು ಗೆರೆ ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಸು, ಆಮೇಲೆ ಏನು ಬಿಚ್ಚಬೇಕೆಂದು ಮಾತಾಡೋಣ.

ಇಂತು,
ನಿನ್ನ ದೊಡ್ಡಪ್ಪ